ಶಸ್ತ್ರಚಿಕಿತ್ಸೆಯ ಫಲಿತಾಂಶ ಮತ್ತು ತೊಡಕುಗಳ ಅಳತೆ

ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಆಮೇಲೆ ಏನಾಯಿತು ಎಂಬುದನ್ನು ಗೊತ್ತುಪಡಿಸಿದ ಅವಧಿಯವರೆಗೆ, ಒಂದೇ ಅಳತೆಗೋಲಿನಿಂದ, ಯಾರನ್ನೂ ಬಿಡದೆ ದಾಖಲಿಸಿ ಲೆಕ್ಕ ಹಾಕುವ ವೈದ್ಯಕೀಯ ಕ್ರಮ. ರೋಗಿ ಉಳಿದರೇ, ಗಾಯ ಮಾಗಿತೇ ಅಥವಾ ಕೀವು ಕಟ್ಟಿತೇ, ಎರಡನೆಯ ಸಲ ಆಪರೇಷನ್ ಬೇಕಾಯಿತೇ, ಮನೆಗೆ ಹೋದವರು ಮತ್ತೆ ದಾಖಲಾದರೇ, ನೋವು ಕಳೆದು ಕೆಲಸಕ್ಕೆ ಮರಳಿದರೇ ಎಂಬವು ಇದರ ಮುಖ್ಯ ಪ್ರಶ್ನೆಗಳು. ಆಸ್ಪತ್ರೆಯ ಓಟಿ ರಿಜಿಸ್ಟರು ಎಷ್ಟು ಆಪರೇಷನ್ ನಡೆದವು ಎಂದು ಹೇಳುತ್ತದೆ. ಅವುಗಳಿಂದ ಎಷ್ಟು ಜನರಿಗೆ ಒಳ್ಳೆಯದಾಯಿತು ಎಂದು ಹೇಳಲು ಬೇರೆಯದೇ ಲೆಕ್ಕ ಬೇಕು.

ಆ ಲೆಕ್ಕಕ್ಕೆ ಬೇಕಾದ ಉತ್ತರಗಳು ಬಹುಪಾಲು ಸಿಗುವುದು ರೋಗಿಯ ಮನೆಯಲ್ಲಿ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಿಂದ ಹುಬ್ಬಳ್ಳಿಗೆ ಹೋಗಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ಎಲ್ಲ ಸರಿಯಿದ್ದರೆ ಕೆಲವೇ ದಿನಗಳಲ್ಲಿ ಊರಿಗೆ ಮರಳುತ್ತಾರೆ. ಗಾಯ ಕೆಂಪಾಗುವುದು, ಜ್ವರ ಬರುವುದು, ಹೊಲಿಗೆ ಬಿಡುವುದು ಎಷ್ಟೋ ಸಲ ಆಮೇಲಿನ ಮಾತು. ಹಳ್ಳಿಯವರೆಗೆ ಹೋಗದ ಲೆಕ್ಕ ಅರ್ಧ ಲೆಕ್ಕ. ಹಳ್ಳಿಯವರೆಗೆ ಹೋಗಿ ಈ ಲೆಕ್ಕ ಮಾಡಿದ ಒಂದು ಮುಖ್ಯ ಅಧ್ಯಯನ ನಡೆದದ್ದು ಕರ್ನಾಟಕದ 572 ಹಳ್ಳಿಗಳಲ್ಲಿ.

ಮಹತ್ವ

ಜಾಗತಿಕ ಶಸ್ತ್ರಚಿಕಿತ್ಸೆಯನ್ನು ಕುರಿತ ಲ್ಯಾನ್ಸೆಟ್ ಆಯೋಗ 2015ರಲ್ಲಿ ಕೊಟ್ಟ ವರದಿಯಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 31.3 ಕೋಟಿ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಸುಮಾರು 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ಶಸ್ತ್ರಚಿಕಿತ್ಸೆ ಬೇಕಾದಾಗ ಸಿಗುವುದಿಲ್ಲ. ಪ್ರತಿ ದೇಶವೂ ಲೆಕ್ಕ ಇಡಬೇಕಾದ ಆರು ಸೂಚಕಗಳನ್ನು ಆಯೋಗ ಹೆಸರಿಸಿತು. ಎರಡು ಗಂಟೆಯೊಳಗೆ ತಲುಪಬಹುದಾದ ಆಸ್ಪತ್ರೆ, ಒಂದು ಲಕ್ಷ ಜನಸಂಖ್ಯೆಗೆ ವರ್ಷಕ್ಕೆ 5,000 ಶಸ್ತ್ರಚಿಕಿತ್ಸೆಗಳ ಗುರಿ, ಶಸ್ತ್ರಚಿಕಿತ್ಸೆಯ ನಂತರದ ಮರಣ ಪ್ರಮಾಣ ಇವು ಅವುಗಳಲ್ಲಿ ಕೆಲವು.

2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲೇ ಬಂದ ಅಂದಾಜಿನ ಪ್ರಕಾರ ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ತೀರಿಕೊಳ್ಳುವವರು ವರ್ಷಕ್ಕೆ ಕನಿಷ್ಠ 42 ಲಕ್ಷ. ಜಗತ್ತಿನ ಒಟ್ಟು ಸಾವುಗಳಲ್ಲಿ ಇದು ಶೇ 7.7. ಎಚ್‌ಐವಿ, ಕ್ಷಯ ಮತ್ತು ಮಲೇರಿಯಾ ಮೂರರಿಂದಲೂ ಸಾಯುವವರನ್ನು ಕೂಡಿಸಿದರೆ ಇಷ್ಟಾಗುವುದಿಲ್ಲ. ಆ ಮೂರು ರೋಗಗಳಿಗೆ ರಾಷ್ಟ್ರಮಟ್ಟದ ಕಾರ್ಯಕ್ರಮಗಳಿವೆ, ರೋಗಿಗಳ ಲೆಕ್ಕ ಇಡುವ ವ್ಯವಸ್ಥೆಯಿದೆ. ಶಸ್ತ್ರಚಿಕಿತ್ಸೆಯ ನಂತರದ ಸಾವಿಗೆ ಅಂಥ ಲೆಕ್ಕಪುಸ್ತಕವಿಲ್ಲ.

ಇತಿಹಾಸ

ಆಸ್ಪತ್ರೆಗಳ ಫಲಿತಾಂಶವನ್ನು ಒಂದೇ ನಮೂನೆಯಲ್ಲಿ ದಾಖಲಿಸಬೇಕೆಂದು 19ನೇ ಶತಮಾನದಲ್ಲೇ ಒತ್ತಾಯಿಸಿದವರು ಫ್ಲಾರೆನ್ಸ್ ನೈಟಿಂಗೇಲ್. ಆಪರೇಷನ್ ಆದ ಪ್ರತಿಯೊಬ್ಬರನ್ನೂ ಮನೆಗೆ ಹೋದ ಮೇಲೆಯೂ ಹಿಂಬಾಲಿಸಿ ನೋಡಬೇಕು ಎಂಬ ವಿಚಾರವನ್ನು ಕೆಲಸಕ್ಕೆ ಇಳಿಸಿದವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. ಅವರು ಪ್ರತಿ ರೋಗಿಗೂ ಒಂದು ಚೀಟಿ ಇಟ್ಟು, ರೋಗವೇನು, ಮಾಡಿದ್ದೇನು, ಕೊನೆಗೆ ಆದದ್ದೇನು, ಫಲ ಕೆಟ್ಟಿದ್ದರೆ ಕಾರಣವೇನು ಎಂದು ಬರೆದರು. ತಮ್ಮ ಸ್ವಂತ ಆಸ್ಪತ್ರೆಯಿಂದ 1911ರಿಂದ 1916ರ ನಡುವೆ ಬಿಡುಗಡೆಯಾದ 337 ರೋಗಿಗಳ ಪಟ್ಟಿಯನ್ನು ಪ್ರಕಟಿಸಿ, ಅದರಲ್ಲಿ 123 ತಪ್ಪುಗಳನ್ನು ತಾವೇ ಗುರುತಿಸಿ ತೋರಿಸಿದರು. ಎಲ್ಲ ಆಸ್ಪತ್ರೆಗಳೂ ಹೀಗೆ ಮಾಡಬೇಕೆಂಬ ಅವರ ಹಟ ಸಹೋದ್ಯೋಗಿಗಳಿಗೆ ರುಚಿಸಲಿಲ್ಲ.

ಅವರ ವಿಚಾರ ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 1994ರಲ್ಲಿ ರಾಷ್ಟ್ರೀಯ ಶಸ್ತ್ರಚಿಕಿತ್ಸಾ ಗುಣಮಟ್ಟ ಕಾರ್ಯಕ್ರಮವನ್ನು ಆರಂಭಿಸಿದವು. ತರಬೇತಾದ ದಾದಿಯರು ಕೇಸ್‌ಶೀಟ್ ಓದಿ, ರೋಗಿಗೆ ಫೋನ್ ಮಾಡಿ 30ನೇ ದಿನದ ಸ್ಥಿತಿಯನ್ನು ಬರೆದುಕೊಳ್ಳುವುದು ಅದರ ಪದ್ಧತಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1984ರಿಂದ 1995ರವರೆಗೆ ನಡೆದ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಸಾವು ಹೆಚ್ಚಾಗಿದ್ದದ್ದು ಬಹುಕಾಲ ಗಮನಕ್ಕೇ ಬರಲಿಲ್ಲ. 2001ರಲ್ಲಿ ಬಂದ ಅದರ ವಿಚಾರಣಾ ವರದಿ ಫಲಿತಾಂಶಗಳನ್ನು ಎಣಿಸಿ ಸಾರ್ವಜನಿಕರ ಮುಂದಿಡುವುದು ಆಸ್ಪತ್ರೆಗಳ ಹೊಣೆ ಎಂಬುದನ್ನು ಗಟ್ಟಿಯಾಗಿ ಹೇಳಿತು.

ಎಣಿಕೆಯ ಅವಧಿ

ಮರಣ ಪ್ರಮಾಣದ ಸೂತ್ರ ಸರಳ. ನಿಗದಿತ ಅವಧಿಯಲ್ಲಿ ತೀರಿಕೊಂಡವರ ಸಂಖ್ಯೆಯನ್ನು ಒಟ್ಟು ಆಪರೇಷನ್‌ಗಳಿಂದ ಭಾಗಿಸಿದರಾಯಿತು. ಕಷ್ಟವಿರುವುದು ಅವಧಿಯಲ್ಲಿ. ಲ್ಯಾನ್ಸೆಟ್ ಆಯೋಗ ಎಲ್ಲ ದೇಶಗಳಿಗೂ ಸಾಧ್ಯವಾಗಲೆಂದು ಆಸ್ಪತ್ರೆ ಬಿಡುವ ಮುನ್ನ ಆದ ಸಾವುಗಳನ್ನಷ್ಟೇ ಎಣಿಸಲು ಹೇಳಿತು. ಸಂಶೋಧಕರು ಸಾಮಾನ್ಯವಾಗಿ 30 ದಿನಗಳನ್ನು ಹಿಡಿಯುತ್ತಾರೆ. ದೊಡ್ಡ ಕ್ಯಾನ್ಸರ್ ಆಪರೇಷನ್‌ಗಳಿಗೆ 90 ದಿನ ಹಿಡಿಯುವುದೂ ಉಂಟು.

ಬಿಡುಗಡೆಯವರೆಗಿನ ಎಣಿಕೆಯಲ್ಲಿ ಒಂದು ದೊಡ್ಡ ತೂತಿದೆ. ಹೆಚ್ಚು ದಿನ ಇಟ್ಟುಕೊಂಡು ನೋಡುವ ಆಸ್ಪತ್ರೆಯ ಲೆಕ್ಕದಲ್ಲಿ ಸಾವು ಹೆಚ್ಚು ಕಾಣುತ್ತದೆ. ಬೇಗ ಮನೆಗೆ ಕಳಿಸುವ ಆಸ್ಪತ್ರೆಯ ಲೆಕ್ಕ ಚೊಕ್ಕಟವಾಗಿ ಕಾಣುತ್ತದೆ. ಸ್ಥಿತಿ ಬಿಗಡಾಯಿಸಿದವರನ್ನು ಮೇಲಿನ ಆಸ್ಪತ್ರೆಗೆ ಬರೆದುಕೊಟ್ಟರೆ ಸಾವು ಅಲ್ಲಿಯ ಪಟ್ಟಿಗೆ ಸೇರುತ್ತದೆ. ಉಳಿಯುವ ಆಸೆಯಿಲ್ಲವೆಂದು ಮನೆಯವರು ಬಿಡಿಸಿಕೊಂಡು ಹೋದರೆ ಅದು ಯಾವ ಪಟ್ಟಿಗೂ ಸೇರುವುದಿಲ್ಲ. ಆದ್ದರಿಂದ ಎರಡು ಆಸ್ಪತ್ರೆಗಳನ್ನು ಹೋಲಿಸಬೇಕಾದರೆ ಎರಡೂ ಕಡೆಯವರು ಒಂದೇ ಅವಧಿಯವರೆಗೆ, ರೋಗಿ ಎಲ್ಲಿದ್ದರೂ ಹುಡುಕಿ, ಎಣಿಸಿರಬೇಕು.

ಆಫ್ರಿಕದ 25 ದೇಶಗಳ 247 ಆಸ್ಪತ್ರೆಗಳಲ್ಲಿ 11,422 ರೋಗಿಗಳನ್ನು ಅನುಸರಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಲ್ಲಿನ ರೋಗಿಗಳು ಬೇರೆಡೆಯವರಿಗಿಂತ ಚಿಕ್ಕ ವಯಸ್ಸಿನವರು, ಕಡಿಮೆ ಅಪಾಯವುಳ್ಳವರು. ಆದರೂ ಸಾವಿನ ಪ್ರಮಾಣ ಜಾಗತಿಕ ಸರಾಸರಿಯ ಎರಡರಷ್ಟಿತ್ತು. ತೀರಿಕೊಂಡವರಲ್ಲಿ ಶೇ 90ಕ್ಕೂ ಹೆಚ್ಚು ಜನ ಆಪರೇಷನ್ ಆದ ದಿನ ಬದುಕಿದ್ದು, ಆಮೇಲಿನ ದಿನಗಳಲ್ಲಿ ಸತ್ತವರು. ಕತ್ತರಿ ಹಿಡಿದ ಕೈಯಷ್ಟೇ ಆಮೇಲೆ ನೋಡಿಕೊಳ್ಳುವ ಕಣ್ಣೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ತೊಡಕುಗಳ ದರ್ಜೆ

ಒಬ್ಬ ವೈದ್ಯರು ಸಣ್ಣದೆನ್ನುವ ತೊಡಕು ಇನ್ನೊಬ್ಬರಿಗೆ ದೊಡ್ಡದು. ಈ ಗೊಂದಲ ನೀಗಿಸಲು ಸ್ವಿಟ್ಜರ್ಲೆಂಡಿನ ಡೇನಿಯಲ್ ಡಿಂಡೊ, ಪಿಯರ್-ಅಲೆನ್ ಕ್ಲಾವಿಯೆನ್ ಮತ್ತು ಸಂಗಡಿಗರು 6,336 ರೋಗಿಗಳ ದಾಖಲೆಗಳ ಮೇಲೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರ್ಗೀಕರಣ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ತೊಡಕಿನ ಹೆಸರಿಗಿಂತ ಅದನ್ನು ಸರಿಪಡಿಸಲು ಏನು ಮಾಡಬೇಕಾಯಿತು ಎಂಬುದೇ ಇಲ್ಲಿ ಅಳತೆ.

ಅಪೆಂಡಿಕ್ಸ್ ಆಪರೇಷನ್ ಆದವರೊಬ್ಬರ ಗಾಯದಲ್ಲಿ ಕೀವು ಕಾಣಿಸಿತು ಎಂದುಕೊಳ್ಳೋಣ. ವಾರ್ಡಿನ ಮಂಚದ ಮೇಲೆಯೇ ಒಂದೆರಡು ಹೊಲಿಗೆ ಬಿಚ್ಚಿ, ಕೀವು ತೆಗೆದು, ಡ್ರೆಸ್ಸಿಂಗ್ ಮಾಡಿದರೆ ಸಾಕಾದರೆ ಅದು ಮೊದಲ ದರ್ಜೆ. ಆ್ಯಂಟಿಬಯೋಟಿಕ್ ಕೊಡಬೇಕಾದರೆ ಅಥವಾ ರಕ್ತ ಹಾಕಬೇಕಾದರೆ ಎರಡನೆಯ ದರ್ಜೆ. ಕೀವು ಹೊಟ್ಟೆಯೊಳಗೆ ನಿಂತು, ಪೂರ್ಣ ಅರಿವಳಿಕೆಯಿಲ್ಲದೆ ಸ್ಕ್ಯಾನ್ ನೋಡುತ್ತ ನಳಿಕೆ ಹಾಕಿ ತೆಗೆದರೆ ಮೂರನೆಯ ದರ್ಜೆಯ ಮೊದಲ ಭಾಗ. ಪೂರ್ಣ ಅರಿವಳಿಕೆ ಕೊಟ್ಟು ಮತ್ತೆ ಹೊಟ್ಟೆ ತೆರೆಯಬೇಕಾದರೆ ಎರಡನೆಯ ಭಾಗ. ನಂಜು ಮೈಯೆಲ್ಲ ಹರಡಿ ಮೂತ್ರಪಿಂಡವೋ ಶ್ವಾಸಕೋಶವೋ ಸೋತು ಐಸಿಯು ಸೇರಿದರೆ ನಾಲ್ಕನೆಯ ದರ್ಜೆ. ಸಾವು ಐದನೆಯದು.

ಒಬ್ಬರಿಗೇ ಹಲವು ತೊಡಕುಗಳಾದಾಗ ಅವನ್ನೆಲ್ಲ ಕೂಡಿಸಿ 0ಯಿಂದ 100ರವರೆಗೆ ಒಂದೇ ಅಂಕ ಕೊಡುವ ಸೂಚ್ಯಂಕ 2013ರಲ್ಲಿ ಬಂತು. ಅಲ್ಲಿ 0 ಎಂದರೆ ಯಾವ ತೊಡಕೂ ಇಲ್ಲ, 100 ಎಂದರೆ ಸಾವು. ಈ ಕ್ರಮಕ್ಕೂ ಒಂದು ಮಿತಿಯಿದೆ. ಐಸಿಯು ಇಲ್ಲದ ಕಡೆ ಯಾರೂ ಐಸಿಯು ಸೇರುವುದಿಲ್ಲ. ಮಾಡಬೇಕಾಗಿದ್ದ ಚಿಕಿತ್ಸೆ ದೊರೆಯದೆ ಹೋದವರ ತೊಡಕು ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ.

ಗಾಯದ ಸೋಂಕು

ತೊಡಕುಗಳಲ್ಲಿ ಅತಿ ಸಾಮಾನ್ಯವಾದದ್ದು ಗಾಯದ ಸೋಂಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ರೂಪಿಸಿದ ವ್ಯಾಖ್ಯೆ ಹೆಚ್ಚಿನ ಕಡೆ ಆಧಾರ. ಅದು ಸೋಂಕನ್ನು ಚರ್ಮದ ಮಟ್ಟದ್ದು, ಸ್ನಾಯುವಿನ ಆಳದ್ದು, ಒಳಗಿನ ಅಂಗ ಅಥವಾ ಪೊಳ್ಳಿನದ್ದು ಎಂದು ಮೂರಾಗಿ ವಿಂಗಡಿಸುತ್ತದೆ. ಸಾಮಾನ್ಯವಾಗಿ 30 ದಿನ, ಮೂಳೆಗೆ ಪ್ಲೇಟು, ಕೃತಕ ಕೀಲು ಮುಂತಾದವನ್ನು ಕೂಡಿಸಿದ ಆಪರೇಷನ್‌ಗಳಲ್ಲಿ 90 ದಿನ ಕಾದು ನೋಡಬೇಕೆನ್ನುತ್ತದೆ. ಗಾಯವೂ ಶುಚಿಯಾದದ್ದು, ಶುಚಿಯಾಗಿದ್ದೂ ಕಲುಷಿತವಾಗುವ ಸಂಭವವಿರುವುದು, ಕಲುಷಿತವಾದದ್ದು, ಕೊಳೆಯಾದದ್ದು ಎಂದು ನಾಲ್ಕು ಬಗೆ. ತೂತು ಬಿದ್ದ ಕರುಳಿನ ಆಪರೇಷನ್ನನ್ನು ಹರ್ನಿಯಾ ಆಪರೇಷನ್ ಜೊತೆ ಹೋಲಿಸಬಾರದೆಂದೇ ಈ ವಿಂಗಡಣೆ.

ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸೆಯಾದ 12,539 ಜನರನ್ನು 66 ದೇಶಗಳಲ್ಲಿ ಅನುಸರಿಸಿದ ಗ್ಲೋಬಲ್‌ಸರ್ಜ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಮೇಲಿರುವ ದೇಶಗಳಲ್ಲಿ ಶೇ 9.4, ನಡುವಿನ ದೇಶಗಳಲ್ಲಿ ಶೇ 14, ಕೆಳಗಿನ ದೇಶಗಳಲ್ಲಿ ಶೇ 23.2 ಜನರಿಗೆ ಗಾಯದ ಸೋಂಕಾಗಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೆಹಲಿಯ ಏಮ್ಸ್ ಟ್ರಾಮಾ ಕೇಂದ್ರ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ಮಣಿಪಾಲದ ಕಸ್ತೂರಬಾ ಆಸ್ಪತ್ರೆಗಳು ಕೂಡಿ 3,090 ರೋಗಿಗಳನ್ನು ಅನುಸರಿಸಿದವು. 161 ಜನರಿಗೆ, ಅಂದರೆ ಶೇ 5.2 ಜನರಿಗೆ ಸೋಂಕಾಯಿತು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಿಡಿದ ಆಪರೇಷನ್‌ಗಳಲ್ಲಿ ಅಪಾಯ ಹೆಚ್ಚಿತ್ತು. ಇದರಲ್ಲಿ ಎದ್ದು ಕಾಣುವ ಅಂಕಿ ಬೇರೊಂದಿದೆ: ಸೋಂಕುಗಳಲ್ಲಿ ಶೇ 66ರಷ್ಟು ಪತ್ತೆಯಾದದ್ದು ರೋಗಿ ಮನೆಗೆ ಹೋದ ಮೇಲಿನ ವಿಚಾರಣೆಯಿಂದ. ದೇಶದ ಹೆಸರಾಂತ ಮೂರು ಆಸ್ಪತ್ರೆಗಳು ಬಿಡುಗಡೆಯ ದಿನವೇ ಪುಸ್ತಕ ಮುಚ್ಚಿದ್ದರೆ ಮೂರು ಸೋಂಕುಗಳಲ್ಲಿ ಎರಡು ಅವುಗಳ ಕಣ್ಣಿಗೇ ಬೀಳುತ್ತಿರಲಿಲ್ಲ.

ಅಪಾಯದ ಹೊಂದಾಣಿಕೆ

ಕಷ್ಟದ ರೋಗಿಗಳನ್ನು ಕೈಗೆತ್ತಿಕೊಳ್ಳುವ ಆಸ್ಪತ್ರೆಯಲ್ಲಿ ಸಾವು ಹೆಚ್ಚಿರುವುದು ಸಹಜ. ರೋಗಿ ಆಪರೇಷನ್ನಿಗೆ ಬಂದಾಗ ಯಾವ ಸ್ಥಿತಿಯಲ್ಲಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದೇ ಅಪಾಯದ ಹೊಂದಾಣಿಕೆ. ರೋಗಿಯ ಒಟ್ಟು ದೇಹಸ್ಥಿತಿಯನ್ನು ಸೂಚಿಸಲು ಅರಿವಳಿಕೆ ತಜ್ಞರು ದಿನವೂ ಬರೆಯುವ ಎಎಸ್‌ಎ ದರ್ಜೆಯ ಮೂಲ 1941ರದು. 1991ರಲ್ಲಿ ಬ್ರಿಟನ್ನಿನಲ್ಲಿ ಬಂದ ಪಾಸಮ್ ಅಂಕ ರೋಗಿಯ ದೇಹಸ್ಥಿತಿಯ 12 ಅಂಶಗಳನ್ನೂ ಆಪರೇಷನ್ನಿನ 6 ಅಂಶಗಳನ್ನೂ ಕೂಡಿಸಿ ಸಾವಿನ ಮತ್ತು ತೊಡಕಿನ ಸಂಭವವನ್ನು ಹೇಳುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ಶಸ್ತ್ರಚಿಕಿತ್ಸಾ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಇದು ಪರಿಚಿತ ವಿಷಯ.

ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ 200 ಆಪರೇಷನ್‌ಗಳಿಗೆ 2 ಸಾವು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ 200ಕ್ಕೆ 10 ಸಾವು ಆದವು ಎನ್ನೋಣ. ಮೇಲುನೋಟಕ್ಕೆ ಎರಡನೆಯದು ಐದು ಪಟ್ಟು ಕೆಟ್ಟದ್ದು. ರೋಗಿಗಳ ಸ್ಥಿತಿ ನೋಡಿ ಪಾಸಮ್ ಅಂಕ ಹಾಕಿದಾಗ ಮೊದಲನೆಯದರಲ್ಲಿ 1 ಸಾವನ್ನೂ ಎರಡನೆಯದರಲ್ಲಿ 14 ಸಾವುಗಳನ್ನೂ ನಿರೀಕ್ಷಿಸಬೇಕಿತ್ತು ಎಂದು ಬಂದರೆ, ಆದ ಸಾವಿಗೂ ನಿರೀಕ್ಷಿತ ಸಾವಿಗೂ ಇರುವ ಅನುಪಾತ ಮೊದಲನೆಯದಕ್ಕೆ 2, ಎರಡನೆಯದಕ್ಕೆ ಸುಮಾರು 0.7. ಅನುಪಾತ 1ಕ್ಕಿಂತ ಕಡಿಮೆಯಿದ್ದರೆ ನಿರೀಕ್ಷೆಗಿಂತ ಹೆಚ್ಚು ಜನ ಉಳಿದರು ಎಂದರ್ಥ. ಈ ಲೆಕ್ಕವಿಲ್ಲದೆ ಪಟ್ಟಿ ಪ್ರಕಟಿಸಿದರೆ ವೈದ್ಯರು ಕಷ್ಟದ ರೋಗಿಗಳನ್ನು ಮುಟ್ಟಲು ಹಿಂಜರಿಯುತ್ತಾರೆ. ಅದರ ಪೆಟ್ಟು ಬೀಳುವುದು ತಡವಾಗಿ, ದೂರದಿಂದ ಬರುವ ಬಡವರ ಮೇಲೆ.

ಸಣ್ಣ ಆಸ್ಪತ್ರೆಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಮೇಲಿನ ಉದಾಹರಣೆಯಲ್ಲೇ 1ರ ಜಾಗದಲ್ಲಿ 2 ಸಾವಾದದ್ದು ಬರೀ ಆಕಸ್ಮಿಕವಿರಬಹುದು. ಹಾಗೆಯೇ 100 ಆಪರೇಷನ್‌ಗಳಲ್ಲಿ ಒಂದೂ ಸಾವಾಗದಿದ್ದರೆ ಅಪಾಯ ಸೊನ್ನೆ ಎಂದಾಗುವುದಿಲ್ಲ. ನಿಜವಾದ ಪ್ರಮಾಣ ಶೇ 3ರಷ್ಟಿದ್ದೂ ಹೀಗಾಗಬಹುದೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಹಲವು ವರ್ಷಗಳ ಲೆಕ್ಕ ಕೂಡಿಸಿ ನೋಡುವುದು, ಆಪರೇಷನ್ ಮೇಲೆ ಆಪರೇಷನ್ ಆದಂತೆ ಏರಿಳಿಯುವ ಸಂಚಿತ ರೇಖೆ ಎಳೆಯುವುದು ಇದಕ್ಕೆ ಉಪಾಯ.

ತೊಡಕಾದ ಮೇಲೆ ರೋಗಿಯನ್ನು ಉಳಿಸಿಕೊಳ್ಳುವ ಸಾಮರ್ಥ್ಯವೂ ಒಂದು ಅಳತೆ. ಅಮೆರಿಕದ 84,730 ರೋಗಿಗಳ ದಾಖಲೆ ಆಧರಿಸಿ 2009ರಲ್ಲಿ ಬಂದ ಅಧ್ಯಯನದಲ್ಲಿ ಸಾವು ಅತಿ ಕಡಿಮೆಯಿದ್ದ ಆಸ್ಪತ್ರೆಗಳಲ್ಲೂ ಅತಿ ಹೆಚ್ಚಿದ್ದ ಆಸ್ಪತ್ರೆಗಳಲ್ಲೂ ತೊಡಕುಗಳು ಹತ್ತಿರ ಹತ್ತಿರ ಸಮನಾಗಿದ್ದವು: ಶೇ 24.6 ಮತ್ತು ಶೇ 26.9. ಸಾವು ಮಾತ್ರ ಶೇ 3.5 ಮತ್ತು ಶೇ 6.9. ತೊಡಕನ್ನು ಬೇಗ ಗುರುತಿಸಿ ಕೈಹಾಕುವುದರಲ್ಲೇ ಇಷ್ಟು ಅಂತರ ಅಡಗಿತ್ತು.

ರೋಗಿಯೇ ಹೇಳುವ ಫಲಿತಾಂಶ

ಬದುಕಿ ಉಳಿದವರೆಲ್ಲರೂ ಚೇತರಿಸಿಕೊಂಡವರಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2009ರಿಂದ ಸೊಂಟದ ಕೀಲು, ಮೊಣಕಾಲು, ಹರ್ನಿಯಾ ಮತ್ತು ಉಬ್ಬಿದ ರಕ್ತನಾಳಗಳ ಆಪರೇಷನ್ ಆದವರನ್ನು ಮೊದಲೂ ಆಮೇಲೂ ಪ್ರಶ್ನಿಸಿ ಅಂಕ ಕೊಡುವ ಪದ್ಧತಿ ತಂದಿತು. ನಮ್ಮಲ್ಲಿ ಇಂಥ ಪ್ರಶ್ನಾವಳಿಗಳು ಇಲ್ಲಿನ ಬದುಕಿಗೆ ಹೊಂದಬೇಕು. ಮೊಣಕಾಲಿನ ಆಪರೇಷನ್ ಆದ ರೈತ ಮಹಿಳೆಯನ್ನು ಮೆಟ್ಟಿಲು ಹತ್ತುವಿರಾ ಎಂದು ಕೇಳುವುದಕ್ಕಿಂತ, ಕುಕ್ಕರಗಾಲಿನಲ್ಲಿ ಕೂರಲು ಆಗುತ್ತದೆಯೇ, ಗದ್ದೆಯ ಬದುವಿನ ಮೇಲೆ ನಡೆಯಲು ಆಗುತ್ತದೆಯೇ, ನೆಲದ ಮೇಲೆ ಊಟಕ್ಕೆ ಕೂತರೆ ಎದ್ದೇಳಲು ಯಾರಾದರೂ ಕೈಕೊಡಬೇಕೇ ಎಂದು ಕೇಳಬೇಕು.

ಕಣ್ಣಿನ ಪೊರೆಯ ಆಪರೇಷನ್ ಇದಕ್ಕೆ ಸ್ಪಷ್ಟ ಉದಾಹರಣೆ. ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರು ಊರೂರಿನ ಶಿಬಿರಗಳಲ್ಲಿ ಲಕ್ಷಾಂತರ ಜನರಿಗೆ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆಯಲ್ಲಿದೆ. ಆಸ್ಪತ್ರೆಯ ಮುಖ ಕಾಣದವರ ಬಳಿಗೆ ಚಿಕಿತ್ಸೆಯನ್ನು ಒಯ್ದ ಆ ಕಾಲದಲ್ಲಿ ಎಷ್ಟು ಜನರನ್ನು ತಲುಪಿದೆವು ಎಂಬ ಸಂಖ್ಯೆಯೇ ಮುಖ್ಯವಾಗಿತ್ತು. ಕೃತಕ ಮಸೂರ ಬಂದ ಮೇಲೆ ದೃಷ್ಟಿ ಎಷ್ಟು ಮರಳಿತು ಎಂಬುದು ಮುಖ್ಯವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಒಳ್ಳೆಯ ಫಲ. ಸಹಜ ಕಣ್ಣು 18 ಮೀಟರ್‌ನಿಂದ ಓದುವ ಅಕ್ಷರವನ್ನು 6 ಮೀಟರ್‌ನಿಂದಾದರೂ ಓದಬೇಕು ಎಂದು ಇದರ ಅರ್ಥ. ಸರಿಯಾದ ಕನ್ನಡಕ ಹಾಕಿದಾಗ ಶೇ 90 ಕಣ್ಣುಗಳಾದರೂ ಈ ಮಟ್ಟ ಮುಟ್ಟಬೇಕು, 6/60ಕ್ಕಿಂತ ಕೆಳಗಿಳಿದವು ಶೇ 5 ದಾಟಬಾರದು. ಇದನ್ನು ತಿಳಿಯಲು ಪಟ್ಟಿ ಬಿಚ್ಚಿದ ದಿನ ನೋಡಿದರೆ ಸಾಲದು. ವಾರಗಳ ನಂತರ ಮತ್ತೆ ಕರೆದು ಪರೀಕ್ಷಿಸಬೇಕು.

ಕರ್ನಾಟಕದ 572 ಹಳ್ಳಿಗಳ ಅಧ್ಯಯನ

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟಗಾಯ, ತೀವ್ರ ಅಪಘಾತ ಮತ್ತು ನವಜಾತ ಶಿಶುಗಳ ಉನ್ನತ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಫೆಬ್ರುವರಿ 2010ರಲ್ಲಿ ಆರಂಭವಾಯಿತು. ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಅಗತ್ಯಬಿದ್ದರೆ ಇನ್ನೂ 50,000 ರೂಪಾಯಿ ಅದರ ಮಿತಿಯಾಗಿತ್ತು. ನಡೆಸುವ ಹೊಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು. ಯೋಜನೆ ಮೊದಲು ರಾಜ್ಯದ ಉತ್ತರ ಭಾಗಕ್ಕೆ ಬಂತು, ದಕ್ಷಿಣಕ್ಕೆ ತಡವಾಗಿ ಹೋಯಿತು. ಚಿಗಳ್ಳಿ ಇರುವ ಉತ್ತರ ಕನ್ನಡ ಜಿಲ್ಲೆ ಬೆಳಗಾವಿ ಕಂದಾಯ ವಿಭಾಗದ್ದಾದ್ದರಿಂದ ಉತ್ತರದ ಪಾಲಿಗೆ ಸೇರಿತು.

ಈ ತಾತ್ಕಾಲಿಕ ಗಡಿ ಸಂಶೋಧಕರಿಗೆ ಅಪರೂಪದ ಅವಕಾಶ ಒದಗಿಸಿತು. ಗಡಿಯ ಆಚೀಚೆ ಅಕ್ಕಪಕ್ಕದಲ್ಲಿರುವ ಹಳ್ಳಿಗಳ ಬದುಕು ಹೆಚ್ಚುಕಡಿಮೆ ಒಂದೇ. ಯೋಜನೆ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ನೀರಜ್ ಸೂದ್ ಮತ್ತು ಸಂಗಡಿಗರು ಯೋಜನೆಯಿದ್ದ 300 ಹಳ್ಳಿಗಳನ್ನೂ ಇಲ್ಲದ 272 ಹಳ್ಳಿಗಳನ್ನೂ ಹೋಲಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮೊದಲ ವರದಿಯಂತೆ, ಯೋಜನೆ ಒಳಗೊಂಡ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆಯಿದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90.

ಸೂದ್ ಮತ್ತು ಜಕಾರಿ ವ್ಯಾಗ್ನರ್ 2016ರಲ್ಲಿ ಪ್ರಕಟಿಸಿದ ಎರಡನೆಯ ವರದಿ ಆಸ್ಪತ್ರೆಯಿಂದ ಮರಳಿದವರ ಸ್ಥಿತಿಯನ್ನೇ ಕುರಿತದ್ದು. ಯೋಜನೆಯಿದ್ದ ಕಡೆಯ 3,478 ಮನೆಗಳು, ಇಲ್ಲದ ಕಡೆಯ 3,486 ಮನೆಗಳು ಅದರ ಆಧಾರ. ರೋಗಲಕ್ಷಣಗಳು ಎರಡೂ ಕಡೆ ಸಮನಾಗಿದ್ದವು. ಯೋಜನೆಯಿದ್ದ ಕಡೆ ಅವಕ್ಕೆ ಚಿಕಿತ್ಸೆ ಪಡೆಯುವವರು ಸುಮಾರು 5 ಶೇಕಡಾವಾರು ಅಂಶ ಹೆಚ್ಚಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ನಡೆಯುವ ಶಕ್ತಿ, ನೋವು ಮತ್ತು ಆತಂಕ ಈ ಮೂರರಲ್ಲಿ ಸುಧಾರಣೆ ಸ್ಪಷ್ಟವಾಗಿ ಹೆಚ್ಚಿತ್ತು. ಮತ್ತೆ ಆಸ್ಪತ್ರೆ ಸೇರಬೇಕಾದವರ ಪ್ರಮಾಣ 16.5 ಶೇಕಡಾವಾರು ಅಂಶ ಕಡಿಮೆಯಿತ್ತು. ಸೋಂಕು 9.4 ಅಂಶ ಕಡಿಮೆ ಕಂಡಿತಾದರೂ ಅಂದಾಜಿನ ವ್ಯಾಪ್ತಿ 20.2 ಅಂಶ ಕಡಿಮೆಯಿಂದ 1.4 ಅಂಶ ಹೆಚ್ಚಿನವರೆಗೆ ಹರಡಿತ್ತು. ಹಾಗಾಗಿ ಸೋಂಕಿನ ವಿಷಯದಲ್ಲಿ ವ್ಯತ್ಯಾಸ ಸಾಬೀತಾಯಿತು ಎನ್ನುವಂತಿಲ್ಲ. ಉತ್ತರಗಳು ಜನ ನೆನಪಿನಿಂದ ಹೇಳಿದವು, ವೈದ್ಯರು ಗಾಯ ಪರೀಕ್ಷಿಸಿ ಬರೆದವಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಇಷ್ಟಾದರೂ ಈ ಅಧ್ಯಯನದ ಬೆಲೆ ದೊಡ್ಡದು. ಯಾವ ಆಸ್ಪತ್ರೆಯ ದಾಖಲೆಯಲ್ಲೂ ಸಿಗದಿದ್ದ ಫಲಿತಾಂಶ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದಾಗ ಸಿಕ್ಕಿತು.

ಆರೋಗ್ಯಶ್ರೀ ಮುಂತಾದ ಯೋಜನೆಗಳು 2018ರಲ್ಲಿ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದವು. ಆಯುಷ್ಮಾನ್ ಭಾರತದ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರದ 15 ದಿನಗಳ ಔಷಧಿ, ತಪಾಸಣೆ ಸೇರಿವೆ. ಸೋಂಕನ್ನು ಎಣಿಸುವ ಅವಧಿ 30 ದಿನ. ಈ ಎರಡರ ನಡುವೆ ಇರುವ ದಿನಗಳಲ್ಲಿ ರೋಗಿಯ ಖರ್ಚನ್ನು ಹೊರುವವರೂ ಇಲ್ಲ, ಸ್ಥಿತಿಯನ್ನು ಬರೆದುಕೊಳ್ಳುವವರೂ ಇಲ್ಲ.

ಚಿಗಳ್ಳಿ ಸೀಮೆ

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೊಯಿಡಾ ಮತ್ತು ಚಿಗಳ್ಳಿ ಇರುವ ಮುಂಡಗೋಡ ತಾಲ್ಲೂಕುಗಳಲ್ಲಿ ಫಲಿತಾಂಶ ಅಳೆಯುವ ಕಷ್ಟ ಕಣ್ಣಿಗೆ ಕಟ್ಟುವಂತಿದೆ. ಮುಂಡಗೋಡದವರಿಗೆ ಜಿಲ್ಲಾ ಕೇಂದ್ರ ಕಾರವಾರಕ್ಕಿಂತ ಹುಬ್ಬಳ್ಳಿ ಹತ್ತಿರ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ, ಜನರ ಬಾಯಲ್ಲಿ ಕಿಮ್ಸ್ ಎಂದೇ ಉಳಿದಿರುವ ಆಸ್ಪತ್ರೆ ಅಲ್ಲಿದೆ. ಹಳಿಯಾಳ, ದಾಂಡೇಲಿಯವರು ಧಾರವಾಡದ ಕಡೆ, ಬೆಳಗಾವಿಯ ಕಡೆ ಹೋಗುತ್ತಾರೆ. ಜೊಯಿಡಾದ ಕಾಡಿನ ನಡುವಿನ ಊರುಗಳಿಂದ ಗೋವೆಗೆ ಹೋಗುವವರೂ ಉಂಟು. ಹೀಗೆ ಒಬ್ಬ ರೋಗಿಯ ಆಪರೇಷನ್ ಒಂದು ಜಿಲ್ಲೆಯಲ್ಲಿ, ಹೊಲಿಗೆ ಬಿಚ್ಚುವುದು ಇನ್ನೊಂದು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿ, ಜ್ವರಕ್ಕೆ ಇಂಜೆಕ್ಷನ್ ಊರ ಹತ್ತಿರದ ಖಾಸಗಿ ವೈದ್ಯರಲ್ಲಿ. ಮೂರೂ ಕಡೆಗೆ ಸೇತುವೆಯಾಗಿರುವುದು ರೋಗಿಯ ಕೈಯಲ್ಲಿರುವ ಡಿಸ್ಚಾರ್ಜ್ ಚೀಟಿ ಒಂದೇ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ನಡೆದ ಜನರ ಹೋರಾಟದ ಹಿಂದೆ ಇದ್ದದ್ದು ಈ ದೂರವೇ.

ಇಲ್ಲಿ ಕನ್ನಡದ ಜೊತೆ ಕೊಂಕಣಿ, ಮರಾಠಿ ಮಾತಾಡುವವರಿದ್ದಾರೆ. ಸಿದ್ದಿಯರು, ಗೌಳಿಗಳು, ಕುಣಬಿಗಳು ಇದ್ದಾರೆ. ಮುಂಡಗೋಡದಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರಿದ್ದಾರೆ. ಚೇತರಿಕೆಯ ಪ್ರಶ್ನೆಗಳನ್ನು ಅವರವರ ಮನೆಮಾತಿನಲ್ಲಿ ಕೇಳುವವರು ಬೇಕು.

ಅಂಥವರು ಊರಿನಲ್ಲೇ ಇದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ–ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕೆಂಬ ನಿಯಮವಿದೆ. ಸಿಸೇರಿಯನ್ ಆಗಿ ತಡವಾಗಿ ಮನೆಗೆ ಬಂದವರಿಗೆ 7ನೇ ದಿನದಿಂದ ಐದು ಭೇಟಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಎಂದರೆ ರಾಜ್ಯದಲ್ಲಿ ಹೆಚ್ಚು ನಡೆಯುವ ದೊಡ್ಡ ಆಪರೇಷನ್‌ಗಳಲ್ಲೊಂದಕ್ಕೆ 30 ದಿನ ದಾಟುವ ಮನೆಭೇಟಿಯ ವ್ಯವಸ್ಥೆ ಈಗಾಗಲೇ ಇದೆ. ಮಗುವಿನ ತೂಕ ಬರೆಯುವ ಹಾಳೆಯಲ್ಲೇ ತಾಯಿಯ ಹೊಲಿಗೆಯ ಸ್ಥಿತಿಗೂ ಒಂದು ಸಾಲು ಸೇರಿಸಿ, ಅದನ್ನು ಆಪರೇಷನ್ ಮಾಡಿದ ಆಸ್ಪತ್ರೆಗೆ ಮುಟ್ಟಿಸಿದರೆ ಅಳತೆಯ ಅರ್ಧ ಕೆಲಸ ಮುಗಿಯಿತು. ಆಫ್ರಿಕದ ರುವಾಂಡದಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಸಿಸೇರಿಯನ್ ಆದ ತಾಯಂದಿರ ಮನೆಗೆ ಹೋಗಿ, ಪ್ರಶ್ನೆ ಕೇಳಿ, ಮೊಬೈಲಿನಲ್ಲಿ ಗಾಯದ ಫೋಟೋ ತೆಗೆದು ಸೋಂಕು ಗುರುತಿಸುವ ಪ್ರಯೋಗ ನಡೆದಿದೆ.

ಸಂತಾನಹರಣ ಆಪರೇಷನ್ನಿಗೆ ದೇಶದಲ್ಲಿ ಬರಹದ ನಿಯಮವೇ ಇದೆ. ಮಹಿಳೆಯರನ್ನು 48 ಗಂಟೆಯೊಳಗೆ, 7ನೇ ದಿನ, ಒಂದು ತಿಂಗಳಿಗೆ ಹೀಗೆ ಮೂರು ಸಲ ನೋಡಬೇಕು. ಪರಿಹಾರ ಕೊಡುವಾಗ ಬಿಡುಗಡೆಯ 7 ದಿನದೊಳಗಿನ ಸಾವು, 8ರಿಂದ 30 ದಿನದೊಳಗಿನ ಸಾವು, 60 ದಿನದವರೆಗಿನ ತೊಡಕು, ವೈಫಲ್ಯ ಎಂದು ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಛತ್ತೀಸಗಡದ ಬಿಲಾಸ್‌ಪುರದಲ್ಲಿ 2014ರ ನವೆಂಬರ್‌ನಲ್ಲಿ ನಡೆದ ಶಿಬಿರದ ನಂತರ ಹಲವು ಮಹಿಳೆಯರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು.

ಸಾವಿನ ಪರಿಶೀಲನೆ

ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಸಂಶಯ ರಕ್ತನಾಳಕ್ಕೆ ಕೊಡುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಒಂದೇ ಕಡೆ ಕೆಲವೇ ವಾರಗಳಲ್ಲಿ ಆದ ಸಾವುಗಳಾದ್ದರಿಂದ ಅವು ಎದ್ದು ಕಂಡವು. ಅವೇ ಐದು ಸಾವುಗಳು ಐದು ಜಿಲ್ಲೆಗಳಲ್ಲಿ ಚದುರಿದ್ದರೆ, ಎಲ್ಲವನ್ನೂ ಒಟ್ಟಿಗೆ ನೋಡುವ ಲೆಕ್ಕವಿಲ್ಲದೆ, ಗೊತ್ತಾಗುವುದು ಕಷ್ಟವಿತ್ತು. ಬಳಿಕ ರಾಜ್ಯ ಸರ್ಕಾರ ಏಪ್ರಿಲ್‌ನಿಂದ ಡಿಸೆಂಬರ್ 2024ರವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಎಂದು ವರದಿ ಹೇಳಿತು. ತಾಯಂದಿರ ಸಾವಿಗೆ ಇರುವ ಈ ಪರಿಶೀಲನೆ ಉಳಿದ ಶಸ್ತ್ರಚಿಕಿತ್ಸೆಗಳ ನಂತರದ ಸಾವಿಗೂ ಬೇಕು.

ಅಳತೆಯಿಂದ ಸುಧಾರಣೆ

ಯಾವ ಕ್ರಮ ಜೀವ ಉಳಿಸುತ್ತದೆ ಎಂಬುದನ್ನು ಅಳತೆಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸುರಕ್ಷತಾ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿದಾಗ ಸಾವು ಶೇ 1.5ರಿಂದ 0.8ಕ್ಕೂ ತೊಡಕುಗಳು ಶೇ 11ರಿಂದ 7ಕ್ಕೂ ಇಳಿದವೆಂದು 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳಲ್ಲಿ ಅಂಥ ಪಟ್ಟಿಗಳನ್ನು ಕಡ್ಡಾಯಗೊಳಿಸಿದಾಗ ಗಣನೀಯ ಇಳಿಕೆ ಕಾಣಲಿಲ್ಲವೆಂದು 2014ರ ಅಧ್ಯಯನ ತೋರಿಸಿತು. ಪಟ್ಟಿಗೆ ಗುರುತು ಹಾಕುವುದು ಬೇರೆ, ಅದರಂತೆ ನಡೆಯುವುದು ಬೇರೆ. ಹೊಟ್ಟೆಯ ಗಾಯ ಹೊಲಿಯುವ ಮುಂಚೆ ಕೈಗವಸು ಮತ್ತು ಉಪಕರಣಗಳನ್ನು ಬದಲಿಸಿದರೆ ಏನಾಗುತ್ತದೆ ಎಂದು ಭಾರತವೂ ಸೇರಿದ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ 13,301 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಸೋಂಕು ಶೇ 18.9ರಿಂದ 16ಕ್ಕೆ ಇಳಿದದ್ದು 2022ರಲ್ಲಿ ಪ್ರಕಟವಾಯಿತು. ಇಷ್ಟು ಸರಳವಾದ ಕೆಲಸಕ್ಕೆ ಇಷ್ಟು ಫಲವಿದೆಯೆಂದು ತಿಳಿದದ್ದು ಎಲ್ಲರನ್ನೂ 30ನೇ ದಿನದವರೆಗೆ ಹಿಂಬಾಲಿಸಿದ್ದರಿಂದ.

ಮಿತಿಗಳು ಮತ್ತು ಅಗತ್ಯಗಳು

ಆಸ್ಪತ್ರೆಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ ಗಾಯದ ಸೋಂಕು, ಮರು ಆಪರೇಷನ್ ಮುಂತಾದವುಗಳ ಲೆಕ್ಕವನ್ನು ಆಸ್ಪತ್ರೆಗಳಿಂದ ಬಯಸುತ್ತದೆ. ಮಾನ್ಯತೆ ಇಲ್ಲದ ಆಸ್ಪತ್ರೆಗಳಿಗೆ ಆ ಒತ್ತಡವಿಲ್ಲ. ಚೆನ್ನಾಗಿ ಹುಡುಕುವ ಆಸ್ಪತ್ರೆಯಲ್ಲಿ ತೊಡಕುಗಳು ಹೆಚ್ಚು ಕಾಣುವುದರಿಂದ, ಪ್ರಾಮಾಣಿಕವಾಗಿ ಎಣಿಸುವವರಿಗೇ ಕೆಟ್ಟ ಹೆಸರು ಬರುವ ಅಪಾಯವಿದೆ. ಸಂಖ್ಯೆ ಶಿಕ್ಷೆಗೆ ಆಧಾರವಾದರೆ ಸಂಖ್ಯೆ ಮುಚ್ಚಿಡುವುದು ಶುರುವಾಗುತ್ತದೆ. ಕಲಿಯಲು ಬಳಕೆಯಾದರೆ ಮಾತ್ರ ಅದು ನಿಜ ಹೇಳುತ್ತದೆ.

ತಾಲ್ಲೂಕು ಮಟ್ಟದಲ್ಲಿ ಈ ಕೆಲಸಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ರೋಗಿಯ ಫೋನ್ ನಂಬರ್ ಮತ್ತು ಊರಿನ ಆಶಾ ಕಾರ್ಯಕರ್ತೆಯ ಹೆಸರು ಇರಬೇಕು. 30ನೇ ದಿನ ಮೂರು ಪ್ರಶ್ನೆ ಕೇಳಬೇಕು: ಬದುಕಿದ್ದಾರೆಯೇ, ಗಾಯ ಒಣಗಿದೆಯೇ, ಬೇರೆ ಎಲ್ಲಿಯಾದರೂ ದಾಖಲಾಗಿದ್ದರೇ? ಉತ್ತರವನ್ನು ಓಟಿ ರಿಜಿಸ್ಟರಿನಲ್ಲಿ ಆ ರೋಗಿಯ ಹೆಸರಿನ ಮುಂದೆಯೇ ಬರೆಯಬೇಕು. 14 ಅಂಕಿಗಳ ಆಭಾ ಆರೋಗ್ಯ ಖಾತೆ ಸಂಖ್ಯೆ ಬಳಕೆಗೆ ಬಂದಂತೆ ಹುಬ್ಬಳ್ಳಿಯ ದಾಖಲೆಯನ್ನು ಮುಂಡಗೋಡದಲ್ಲಿ ನೋಡುವುದು ಸಾಧ್ಯವಾಗುತ್ತದೆ. ತಿಂಗಳಿಗೊಮ್ಮೆ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ದಾದಿಯರು ಕೂಡಿ ಆ ಪಟ್ಟಿಯನ್ನು ಓದಿ, ಮುಂದಿನ ತಿಂಗಳು ಏನನ್ನು ಬದಲಿಸಬೇಕೆಂದು ಬರೆದಿಟ್ಟರೆ ಅಳತೆ ಚಿಕಿತ್ಸೆಯ ಭಾಗವಾಗುತ್ತದೆ. ಆಪರೇಷನ್ನಿಗೆ ಒಪ್ಪಿ ಸಹಿ ಹಾಕುವ ಪ್ರತಿಯೊಬ್ಬರಿಗೂ, ತಮ್ಮಂತೆಯೇ ಇದೇ ಆಸ್ಪತ್ರೆಯಲ್ಲಿ ಇದೇ ಆಪರೇಷನ್ ಮಾಡಿಸಿಕೊಂಡವರು ಹೇಗಿದ್ದಾರೆ ಎಂದು ಕೇಳುವ ಹಕ್ಕಿದೆ. ಸಂಖ್ಯೆಯೊಂದಿಗೆ ಉತ್ತರ ಕೊಡಲು ಸಿದ್ಧವಿರುವುದು ಆಸ್ಪತ್ರೆಯ ಕರ್ತವ್ಯ.